‘ಸದ್ದಲೇ’ ಎಂದ ಮೇಲೆ

ಮಾತು ಮೈಲಾರದಿಂದ ಸುರುವಾಗಲಿ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಹೂವಿನಹಡಗಲಿ ತಾಲ್ಲೂಕಿನ ಆ ಊರಿನಲ್ಲಿ ಭವಿಷ್ಯ ನುಡಿಯುವ ಕಾರ್ಣಿಕ ನಡೆಯುತ್ತದೆ. ಡೆಂಕನಮರಡಿಯ ಬಯಲಿಗೆ ಲಕ್ಷಗಟ್ಟಲೆ ಜನ ಬಂದಿರುತ್ತಾರೆ. ಕರಿ ಕಂಬಳಿಯ ಗೊರವರ ಡಮರುಗ, ಡೊಳ್ಳು, ಚಕ್ಕಡಿ ಎತ್ತುಗಳ ಕೊರಳಗಂಟೆ, ಮಿಠಾಯಿ ಅಂಗಡಿಯವರ ಕೂಗು, ತಾಯಿಯ ಕೈ ತಪ್ಪಿದ ಕೂಸಿನ ಅಳು ಒಂದರ ಮೇಲೊಂದು ಬಿದ್ದು, ಸದ್ದೂ ಧೂಳಿನ ಹಾಗೆಯೇ ಮೇಲೆದ್ದಿರುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಆಕಾಶ ನೋಡಿ ‘ಸದ್ದಲೇ’ ಎಂದು ಕೂಗುತ್ತಾರೆ. ಬಯಲಿಗೆ ಬಯಲೇ ಬಾಯಿ ಮುಚ್ಚುತ್ತದೆ. ಒಂದೇ ಒಂದು ನುಡಿ ಹೊರಬೀಳುತ್ತದೆ, ಹಿಂದೆಯೇ ಗೊರವಯ್ಯ ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾರೆ, ಜನ ಹಿಡಿದುಕೊಳ್ಳುತ್ತಾರೆ, ಮರುಗಳಿಗೆಗೆ ಸದ್ದು ಮೊದಲಿನಂತೆ. ಆ ನುಡಿ ಮಳೆಗೆ ಹೇಳಿದ್ದೋ, ಬೆಳೆಗೆ ಹೇಳಿದ್ದೋ, ವಿಧಾನಸೌಧದ ಕುರ್ಚಿಗೆ ಹೇಳಿದ್ದೋ ಎಂಬ ತಕರಾರು ಆಮೇಲೆ ತಿಂಗಳುಗಟ್ಟಲೆ ನಡೆಯುತ್ತದೆ. ಅದಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ಬೇಕಾದದ್ದು ಕೂಗಿಗೂ ನುಡಿಗೂ ನಡುವೆ ಇರುವ ಆ ನಾಲ್ಕಾರು ಉಸಿರಿನ ಹೊತ್ತು. ಪರಸ್ಪರ ಹೆಸರೂ ಗೊತ್ತಿಲ್ಲದ ಅಷ್ಟು ಮಂದಿ, ಒಂದನ್ನು ಕೇಳಲಿಕ್ಕಾಗಿ ತಮ್ಮತಮ್ಮ ಸದ್ದನ್ನು ಬಿಟ್ಟುಕೊಡುತ್ತಾರಲ್ಲ, ಆ ಒಪ್ಪಂದ.

ಇಂಥ ಒಪ್ಪಂದವನ್ನು ಕಾಸಿಗೆ ಕೊಡುವ ಅಂಗಡಿಗಳು ಈಗ ದೊಡ್ಡ ಊರುಗಳಲ್ಲಿವೆ. ಲಿಸನಿಂಗ್ ಬಾರ್ ಎನ್ನುತ್ತಾರೆ. ನಾವು ಕೇಳುವ ಬಾರು ಅನ್ನೋಣ. ಒಳಗೆ ಆಳೆತ್ತರದ ಸ್ಪೀಕರುಗಳು, ಗೋಡೆ ತುಂಬ ಗ್ರಾಮಾಫೋನ್ ಪ್ಲೇಟುಗಳು, ಮಂದ ದೀಪ. ಗಿರಾಕಿ ಒಂದು ಗ್ಲಾಸು ತರಿಸಿಕೊಂಡು ಕೂರುತ್ತಾನೆ, ಅಂಗಡಿಯವನು ಪ್ಲೇಟು ಹಚ್ಚುತ್ತಾನೆ, ಎಲ್ಲರೂ ಕೇಳುತ್ತಾರೆ. ಪಣಜಿಯಲ್ಲಿ ‘ಫಾರ್ ದಿ ರೆಕಾರ್ಡ್’ ಇದೆ, ಬೆಂಗಳೂರಿನಲ್ಲಿ ‘ದಿ ಮಿಡಲ್ ರೂಮ್’ ಇದೆ. ಬೆಂಗಳೂರಿಗೆ ಇದರ ಒಂದು ಹಳೆಯ ನೆಂಟಸ್ತಿಕೆಯೂ ಉಂಟು: ಬ್ರಿಗೇಡ್ ರಸ್ತೆಯ ಮಗ್ಗುಲಿನಲ್ಲಿ 1989ರಲ್ಲಿ ಬಾಗಿಲು ತೆರೆದ ಪೆಕೋಸ್ ಪಬ್ಬಿಗೆ ಜನ ಬಿಯರಿನಷ್ಟೇ ಅಲ್ಲಿನ ಹಳೆಯ ರಾಕ್ ಸಂಗೀತಕ್ಕೂ ಹೋಗುತ್ತಿದ್ದರು. ಆದರೆ ಈ ಪದ್ಧತಿಯ ತವರು ಜಪಾನ್. ಅಲ್ಲಿ ಇದಕ್ಕೆ ಕಿಸ್ಸಾ ಎನ್ನುತ್ತಾರೆ. ಕಿಸ್ಸಾತೆನ್ ಅಂದರೆ ಚಹಾದಂಗಡಿ. ನಮ್ಮ ಕಡೆಯ ಕಿಸೆಗೂ ಆ ಶಬ್ದಕ್ಕೂ ಸಂಬಂಧವಿಲ್ಲ, ಆದರೆ ಅದು ಹುಟ್ಟಿದ್ದು ಕಿಸೆ ಖಾಲಿ ಇದ್ದವರಿಗಾಗಿ ಎನ್ನುವುದು ನಿಜ. ಹೊರದೇಶದಿಂದ ಬರುತ್ತಿದ್ದ ಪ್ಲೇಟು ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. ಒಂದು ಬಟ್ಟಲು ಕಾಫಿಯ ದುಡ್ಡು ಕೊಟ್ಟರೆ, ಮನೆಗೆ ಎಂದೂ ತರಲಾಗದ ಯಂತ್ರದಲ್ಲಿ ಎಂದೂ ಕೊಳ್ಳಲಾಗದ ಸಂಗೀತವನ್ನು ಕೇಳಬಹುದಿತ್ತು. ಟೋಕಿಯೊದ ಶಿಬುಯಾದಲ್ಲಿ 1926ರಲ್ಲಿ ಸುರುವಾದ ‘ಲಯನ್’ ಇಂದಿಗೂ ಇದೆ. ಅಲ್ಲಿ ಕುರ್ಚಿಗಳೆಲ್ಲ ಸ್ಪೀಕರಿನ ಕಡೆಗೆ ಮುಖ ಮಾಡಿವೆ, ಗುಡಿಯಲ್ಲಿ ಗರ್ಭಗುಡಿಯ ಕಡೆಗೆ ಕೂರುವ ಹಾಗೆ, ಮಾತಾಡುವಂತಿಲ್ಲ. ಯೊಕೊಹಾಮದ ‘ಚಿಗುಸಾ’ 1933ರದು. ಕಾದಂಬರಿಕಾರ ಹರುಕಿ ಮುರಕಾಮಿ ಬರವಣಿಗೆಗೆ ಇಳಿಯುವ ಮೊದಲು, 1974ರಲ್ಲಿ, ಟೋಕಿಯೊದಲ್ಲಿ ತೆರೆದದ್ದೂ ಇಂಥದೇ ಒಂದು ಜಾಝ್ ಅಂಗಡಿ. ಇವಕ್ಕಿಂತ ನಮಗೆ ಹತ್ತಿರದ ಉದಾಹರಣೆ ಎಂದರೆ ರಾಜಧಾನಿಯಿಂದ ಬಲು ದೂರ, ಇಚಿನೊಸೆಕಿ ಎಂಬ ಸಣ್ಣ ಊರಿನಲ್ಲಿ 1970ರಲ್ಲಿ ತೆರೆದ ‘ಬೇಸೀ’. ಅದು ಒಂದು ಹಳೆಯ ಉಗ್ರಾಣ. ನಮ್ಮ ಕೊಟ್ಟೂರಿಗೋ ಹಗರಿಬೊಮ್ಮನಹಳ್ಳಿಗೋ ಹೋಲಿಸಬಹುದಾದ ಊರಿನ ಗೋದಾಮಿಗೆ, ಕೇಳಲಿಕ್ಕೆಂದೇ, ದೂರದೂರದ ಊರುಗಳಿಂದ ಜನ ರೈಲು ಹತ್ತಿ ಬಂದಿದ್ದಾರೆ.

ಇಷ್ಟು ಹೇಳಿದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ. ಗಾಂಧೀಜಿಯ ಚಿತಾಭಸ್ಮವನ್ನು ಕಾಪಾಡಿಕೊಂಡ ಕೂಡ್ಲಿಗಿಯಂಥ ಊರಿರುವ ಸೀಮೆಯ ಕೇಳುಗರ ಮುಂದೆ ಬಾರಿನ ಗುಣಗಾನವೇ? ಗುಣಗಾನ ಬಾರಿನದಲ್ಲ. ಜಪಾನಿನಲ್ಲಿ ಇದು ಸುರುವಾದದ್ದು ಕಾಫಿ ಚಹಾದಿಂದ. ಹೆಂಡ ಆಮೇಲೆ ಸೇರಿಕೊಂಡಿತು, ಬಾಡಿಗೆ ಕಟ್ಟಲು ಅದೇ ಸುಲಭದ ದಾರಿಯಾದ್ದರಿಂದ. ನನ್ನ ವಾದ ಇಷ್ಟು: ಈ ಅಂಗಡಿಗಳಲ್ಲಿ ಬೆಲೆ ಬಾಳುವ ವಸ್ತು ಗ್ಲಾಸಿನಲ್ಲಿಲ್ಲ, ಲಕ್ಷ ಬಾಳುವ ಯಂತ್ರದಲ್ಲಿಯೂ ಪೂರ್ತಿ ಇಲ್ಲ. ಅದು ಮೈಲಾರದ ಒಪ್ಪಂದದಲ್ಲಿದೆ. ಆ ಒಪ್ಪಂದ ನಮ್ಮ ಸೀಮೆಗೆ ಹೊಸದಲ್ಲ, ಒಂದು ಕಾಲಕ್ಕೆ ಬೀದಿಯಲ್ಲೇ ಬಿದ್ದಿತ್ತು, ಮತ್ತು ಅದನ್ನು ಮರಳಿ ಪಡೆಯಲು ತಾಲ್ಲೂಕು ಊರಿಗೂ ಸಾಧ್ಯವಿದೆ.

ಮೊದಲು ಯಂತ್ರದ ಮಾತು ಮುಗಿಸೋಣ, ಏಕೆಂದರೆ ಒಳ್ಳೆಯ ಧ್ವನಿ ಎಂದರೆ ದೊಡ್ಡ ಧ್ವನಿ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಮದುವೆಗೆ ಮೈಕ್‌ಸೆಟ್ ಗೊತ್ತು ಮಾಡುವಾಗ ಕೇಳುವ ಮೊದಲ ಪ್ರಶ್ನೆ, ಎಷ್ಟು ಬಾಕ್ಸು, ಎಷ್ಟು ವಾಟು ಎಂದು. ಕಿವಿಯ ಲೆಕ್ಕ ಬೇರೆ. ವಾಟು ಇಮ್ಮಡಿಯಾದರೆ ಧ್ವನಿ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಅದು ಇಮ್ಮಡಿ ಅನ್ನಿಸಬೇಕಾದರೆ ವಾಟು ಹತ್ತು ಪಟ್ಟು ಆಗಬೇಕು. ಬಯಲಿನಲ್ಲಿ ಕೇಳುವವನು ಇದ್ದ ದೂರದ ಎರಡರಷ್ಟು ದೂರ ಸರಿದರೆ 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ದುಡ್ಡು ಸುರಿದು ವಾಟು ಏರಿಸುವುದಕ್ಕಿಂತ ಹತ್ತಿರ ಬಂದು ಕೂರುವುದು ಅಗ್ಗ. ಜಪಾನಿನ ಹಳೆಯ ಅಂಗಡಿಗಳಲ್ಲಿ ಆಂಪ್ಲಿಫಯರಿನ ವಾಟು ಎಷ್ಟೋ ಸಲ ನಮ್ಮ ಮೆರವಣಿಗೆಯ ಗಾಡಿಯ ಜನರೇಟರಿಗೆ ನಗು ಬರುವಷ್ಟು ಕಡಿಮೆ. ಅಷ್ಟರಲ್ಲೇ ಕೋಣೆ ತುಂಬುವ ದನಿ ಹೊರಡಿಸಲು ಅವರು ನೆಚ್ಚಿಕೊಂಡದ್ದು ಹಾರ್ನ್, ಅಂದರೆ ಕಹಳೆಯ ಬಾಯಿ. ಅಮೆರಿಕದ ಆಲ್ಟೆಕ್ ಕಂಪನಿ 1945ರ ಹೊತ್ತಿಗೆ ಸಿನಿಮಾ ಥಿಯೇಟರುಗಳಿಗೆಂದು ಮಾಡಿದ ಹಾರ್ನ್ ಸ್ಪೀಕರುಗಳು ಇಂಥ ಅಂಗಡಿಗಳ ಒಡವೆ. ನಮ್ಮ ಗುಡಿಯ ಗೋಪುರಕ್ಕೋ ಬೇವಿನ ಮರಕ್ಕೋ ಕಟ್ಟಿದ ಹಾರ್ನೂ ಅದೇ ಕುಲದ್ದು. ಇದರ ದನಿ ಮೂಗಿನಿಂದ ಬಂದಂತೆ ಇರುತ್ತದೆಂದು ಬೈಯುತ್ತೇವೆ, ಅದು ದೋಷವಲ್ಲ. ಮಾತು ಹೊಲದಾಚೆಗೂ ತಿಳಿಯಲಿ ಎಂದು ನಡುದನಿಯನ್ನಷ್ಟೇ ಹಿಡಿದು ದೂರಕ್ಕೆ ಎಸೆಯುವ ಹಾಗೆ ಅದನ್ನು ಮಾಡಿದ್ದಾರೆ. ಡಂಗುರದವನ ಬಾಯಲ್ಲಿ ದರಬಾರಿ ರಾಗ ಹಾಡಿಸಿದರೆ ತಪ್ಪು ಯಾರದು?

ಯಂತ್ರಕ್ಕಿಂತ ಹೆಚ್ಚು ಕೆಡಿಸುವುದು, ಕೂಡಿಸುವುದು ಎರಡೂ ಕೋಣೆ. ಇದನ್ನು ಮೊದಲು ಲೆಕ್ಕಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸಬೈನ್. ಅಲ್ಲಿನ ಹೊಸ ಉಪನ್ಯಾಸದ ಕೋಣೆಯೊಂದರಲ್ಲಿ ಮೇಷ್ಟರು ಆಡಿದ ಒಂದು ಶಬ್ದ ಐದೂವರೆ ಸೆಕೆಂಡು ಗೋಡೆಯಿಂದ ಗೋಡೆಗೆ ಅಲೆಯುತ್ತಿತ್ತು. ಅಷ್ಟರಲ್ಲಿ ಅವರು ಇನ್ನೂ ಹತ್ತಾರು ಶಬ್ದ ಆಡಿರುತ್ತಿದ್ದರು, ಹುಡುಗರಿಗೆ ಎಲ್ಲವೂ ಕಲಸುಮೇಲೋಗರ. 1895ರಲ್ಲಿ ಅದನ್ನು ಸರಿಮಾಡಲು ಹೇಳಿದಾಗ ಸಬೈನ್ ಹತ್ತಿರದ ನಾಟಕಶಾಲೆಯ ಗಾದಿಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಒಂದು ಪೀಪಿಯನ್ನು ಊದಿಸಿ, ಸದ್ದು ಅಡಗುವ ತನಕ ಗಡಿಯಾರ ಹಿಡಿದು ಕೂತ. ಎಷ್ಟು ಗಾದಿ ಎಷ್ಟು ಸದ್ದನ್ನು ಹೀರುತ್ತವೆಂದು ಅಳೆದ. ಹಾಗೆ ಅಳೆಯುವಾಗ ಸಿಕ್ಕ ಒಂದು ಸಂಗತಿ ನನ್ನ ವಾದಕ್ಕೆ ದೊಡ್ಡ ಆಧಾರ: ಒಬ್ಬ ಮನುಷ್ಯ ಕೋಣೆಯಲ್ಲಿ ಬಂದು ಕೂತರೆ ಸುಮಾರು ಆರು ಗಾದಿಗಳಷ್ಟು ಸದ್ದನ್ನು ಅವನ ಮೈ ಬಟ್ಟೆಯೇ ಹೀರಿಕೊಳ್ಳುತ್ತದೆ. ಕೇಳಲು ಬಂದವನೇ ಕೋಣೆಯನ್ನು ತಿದ್ದುತ್ತಾನೆ. ಖಾಲಿ ಸಭಾಂಗಣದಲ್ಲಿ ಮೈಕು ಪರೀಕ್ಷಿಸುವವರು ಗೊಣಗುವುದೂ, ಜನ ತುಂಬಿದ ಮೇಲೆ ಅದೇ ಮೈಕು ಸರಿಯಾಗುವುದೂ ಇದಕ್ಕೇ.

ನಮ್ಮ ತಾಲ್ಲೂಕುಗಳ ಕಟ್ಟಡಗಳನ್ನು ಈ ಕಿವಿಯಿಂದ ನೋಡಿ. ನೀಲಗುಂದದ ಭೀಮೇಶ್ವರ, ಬಾಗಳಿಯ ಕಲ್ಲೇಶ್ವರ, ಚಾಲುಕ್ಯರ ಕಾಲದ ಈ ಗುಡಿಗಳ ಒಳಗೆ ನುಣುಪಾದ ಕಲ್ಲು ಸದ್ದನ್ನು ಬಿಟ್ಟುಕೊಡದೆ ಆಡಿಸುತ್ತದೆ. ಒಂದು ಗಂಟೆ, ನಿಧಾನದ ಒಂದು ಮಂತ್ರ, ಉದ್ದಕ್ಕೆ ಎಳೆದ ಒಂದು ಸ್ವರಕ್ಕೆ ಆ ಗುಂಯ್‌ಗುಡಿಕೆ ಕಳೆ ಕೊಡುತ್ತದೆ. ಗಡಿಬಿಡಿಯ ಮಾತು ಮಾತ್ರ ಅಲ್ಲಿ ಮಸುಕಾಗುತ್ತದೆ. ಮಣ್ಣಿನ ಮಾಳಿಗೆಯ ಹಳೆಯ ಮನೆ ಇದಕ್ಕೆ ತಿರುಗಾಮುರುಗಾ. ದಪ್ಪ ಮಣ್ಣಿನ ಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು, ಮೂಲೆಯಲ್ಲಿ ಜೋಳದ ಚೀಲ, ಹಗ್ಗದ ಮೇಲೆ ಕೌದಿ. ಯಾವ ಎಂಜಿನಿಯರನ್ನೂ ಕರೆಯದೆ ಸಿದ್ಧವಾದ ಕೇಳುವ ಕೋಣೆ ಅದು. ಪಡಸಾಲೆಯಲ್ಲಿ ಅಜ್ಜ ಪಿಸುಗುಟ್ಟಿದ್ದು ಅಡಿಗೆಮನೆಗೆ ಕೇಳದಿದ್ದುದಕ್ಕೆ ಕಾರಣ ಅಜ್ಜನ ಜಾಣತನ ಒಂದೇ ಅಲ್ಲ. ಆಮೇಲೆ ಬಂದವು ತಗಡಿನ ಚಾವಣಿಯ ಸಮುದಾಯ ಭವನ, ಟೈಲ್ಸು ಹಾಸಿದ ಕಲ್ಯಾಣ ಮಂಟಪ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರು ಓಡುತ್ತದೆ; 17 ಮೀಟರು ದೂರದ ಬರಿಗೋಡೆಗೆ ಬಡಿದು ಮರಳಲು ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ಕಲ್ಯಾಣ ಮಂಟಪದಲ್ಲಿ ಆ ಕಡೆಯ ಗೋಡೆಯಿಂದ ಇನ್ನೊಬ್ಬ ಪುರೋಹಿತರು ಮಂತ್ರ ಹೇಳುತ್ತಿರುವ ಹಾಗೆ ಕೇಳುವುದು ಹೀಗೆ. ಗದ್ದಲ ಹೆಚ್ಚಾಯಿತೆಂದು ಮೈಕಿನವನು ವಾಲ್ಯೂಮು ಏರಿಸುತ್ತಾನೆ, ವಾಲ್ಯೂಮು ಹೆಚ್ಚಾಯಿತೆಂದು ಬೀಗರು ಇನ್ನೂ ಜೋರಾಗಿ ಮಾತಾಡುತ್ತಾರೆ, ಅನ್ನ ಸಾರು ಬಡಿಸುವವರು ಕೈಸನ್ನೆಗೆ ಇಳಿಯುತ್ತಾರೆ.

ಈಗ ನಮ್ಮ ಹಳೆಯ ಕೇಳುವ ಅಂಗಡಿಗಳ ವಿಷಯಕ್ಕೆ ಬರೋಣ. ತುಂಗಭದ್ರೆ ದಾಟಿದರೆ ಗದಗ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಾಲ್ಯ ಅಲ್ಲಿಯದು. ಅಂಗಡಿಯೊಂದರಲ್ಲಿ ಹಚ್ಚುತ್ತಿದ್ದ ಪ್ಲೇಟಿನಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯನ್ನು ಹುಡುಗ ಕೇಳಿದ, ಹಾಗೆ ಹಾಡಲು ಕಲಿಸುವ ಗುರು ಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಮನೆ ಬಿಟ್ಟ. ಅಲೆದಾಡಿ ಕೊನೆಗೆ ಆತ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರನ್ನು. ಅವರು ಅದೇ ಕರೀಂ ಖಾನರ ಶಿಷ್ಯರು. ಪ್ಲೇಟಿನ ದನಿ ಹುಡುಗನನ್ನು ತನ್ನ ಮನೆತನಕ್ಕೇ ಎಳೆದುಕೊಂಡು ಹೋಯಿತು. ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ ಸಣ್ಣವರಿದ್ದಾಗ ಗ್ರಾಮಾಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದರು; ಜೊಹ್ರಾಬಾಯಿ, ಗೌಹರ್ ಜಾನ್ ಅವರ ಪ್ಲೇಟುಗಳನ್ನು ಕೇಳಿ ಹಾಗೆಯೇ ಹಾಡಲು ನೋಡುತ್ತಿದ್ದರು. ಆ ಗೌಹರ್ ಜಾನ್ 1902ರಲ್ಲಿ ಕಲಕತ್ತೆಯಲ್ಲಿ ಭಾರತದ ಮೊದಮೊದಲ ಪ್ಲೇಟುಗಳಿಗೆ ಹಾಡಿದವರು, ಮೈಸೂರು ಅರಮನೆಯ ಆಸರೆಯಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡವರು. ಬೆಳಗಾವಿ ಸೀಮೆಯ ಸೂಳೇಭಾವಿಯ ಶಿವಪುತ್ರ, ಮುಂದೆ ಕುಮಾರ ಗಂಧರ್ವ, ಹುಡುಗನಾಗಿದ್ದಾಗಲೇ ದೊಡ್ಡವರ ಪ್ಲೇಟುಗಳನ್ನು ಇದ್ದದ್ದು ಇದ್ದ ಹಾಗೆ ಹಾಡಿ ತೋರಿಸಿ ಜನರನ್ನು ಬೆರಗುಗೊಳಿಸಿದ.

ಆ ಪ್ಲೇಟು ಎಂಥದು ಎಂಬುದನ್ನು ಒಂದಿಷ್ಟು ಹತ್ತಿರದಿಂದ ನೋಡಬೇಕು. ಅರಗಿನ ಕರಿ ತಟ್ಟೆ, ಹತ್ತು ಇಂಚು, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಕೀಲಿ ಕೊಡಬೇಕು, ಉಕ್ಕಿನ ಮುಳ್ಳು ಸವೆಯುತ್ತದಾದ್ದರಿಂದ ಮಗ್ಗುಲಿಗೊಂದು ಹೊಸ ಮುಳ್ಳು ಸಿಕ್ಕಿಸಬೇಕು, ಮೆಲ್ಲಗೆ ಇಳಿಸಬೇಕು. ಕರಕರ ಸದ್ದಿನ ಒಳಗಿಂದ ದನಿ ಏಳುತ್ತದೆ. ಮಾತಾಡುತ್ತ ಕೂತರೆ ಹಾಡು ಮುಗಿದೇಹೋಗಿರುತ್ತದೆ. ಮತ್ತೆ ಕೀಲಿ, ಮತ್ತೆ ಮುಳ್ಳು. ಆದ್ದರಿಂದ ಬಾಯಿ ತಾನಾಗಿ ಮುಚ್ಚುತ್ತಿತ್ತು. ಈ ಯಂತ್ರದ ಗುಣಮಟ್ಟವನ್ನು ಇಂದಿನ ಯಾವ ಬಾರಿನ ಯಜಮಾನನೂ ಒಪ್ಪಲಾರ. ತಂಬೂರಿ ಅದರಲ್ಲಿ ಇದ್ದೂ ಇಲ್ಲದಂತೆ, ತಬಲಾ ಪಕ್ಕದ ಓಣಿಯಲ್ಲಿ ಬಾರಿಸಿದಂತೆ. ಆದರೂ ಆ ಬಡ ಧ್ವನಿ ಒಬ್ಬ ಹುಡುಗನನ್ನು ಊರು ಬಿಡಿಸಿತು. ಕೇಳುವುದಕ್ಕೆಂದೇ ನಿಂತ ಕಿವಿ ಸಿಕ್ಕರೆ ಕೀಳು ಯಂತ್ರವೂ ಎಷ್ಟು ಕೆಲಸ ಮಾಡೀತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಪ್ಲೇಟಿನ ಬೆನ್ನಿಗೆ ರೇಡಿಯೋ ಬಂತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಸುರುಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆ ಹೋಯಿತು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಬಂತು; ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ರೇಡಿಯೋ ಪೆಟ್ಟಿಗೆ ಇಡಲು ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟಬೇಕಿದ್ದ ಕಾಲ ಅದು, ಎಲ್ಲರ ಮನೆಯ ಮಾತಲ್ಲ. ಹಾಗಾಗಿ ಪುರಸಭೆಯ ಉದ್ಯಾನದಲ್ಲಿ ರೇಡಿಯೋ ಮಂಟಪ, ಪಂಚಾಯಿತಿ ಕಟ್ಟೆಯಲ್ಲಿ ಪೆಟ್ಟಿಗೆ, ಹೋಟೆಲಿನ ಗಲ್ಲಾದ ಮೇಲೊಂದು ಪೆಟ್ಟಿಗೆ. ಕೂಡಿ ಕೇಳುವುದು ಆಗ ಬಡತನದ ಅನಿವಾರ್ಯ, ನಿಜ. ಆದರೆ ಅದರಿಂದ ಹುಟ್ಟಿದ ಫಲ ಬಡವಾಗಿರಲಿಲ್ಲ. 1956ರಲ್ಲಿ ಯುನೆಸ್ಕೋ ನೆರವಿನಿಂದ ಆಗಿನ ಮುಂಬೈ ರಾಜ್ಯದ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಪುಣೆ ಆಕಾಶವಾಣಿ ಬೇಸಾಯ, ಆರೋಗ್ಯದ ಕಾರ್ಯಕ್ರಮ ಬಿತ್ತರಿಸುವುದು, ಹಳ್ಳಿಗರು ಗುಂಪಾಗಿ ಕೂತು ಕೇಳಿ ಆ ಮೇಲೆ ಚರ್ಚಿಸುವುದು. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಗುಂಪು ಇದ್ದ ಹಳ್ಳಿ, ಬರೀ ರೇಡಿಯೋ ಇದ್ದ ಹಳ್ಳಿ, ಎರಡೂ ಇಲ್ಲದ ಹಳ್ಳಿಗಳನ್ನು ಹೋಲಿಸಿ ನೋಡಿದರು. ಗುಂಪು ಕೂತ ಹಳ್ಳಿಗಳಲ್ಲಿ ತಿಳಿವಳಿಕೆ ಎದ್ದು ಕಾಣುವಷ್ಟು ಬೆಳೆದಿತ್ತು. ಪೆಟ್ಟಿಗೆ ಇದ್ದು ಕೂಟ ಇಲ್ಲದ ಕಡೆ ಅಂಥ ಬೆಳವಣಿಗೆ ಕಾಣಲಿಲ್ಲ. ಯಂತ್ರ ಅದೇ, ಮಾತು ಅದೇ, ಕೂತ ರೀತಿ ಬೇರೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿದ್ದಂತೆ ಕಾಣುತ್ತದೆ. ಕನ್ನಡದಲ್ಲಿ ಕಿವಿಯಿಂದ ಕೇಳುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ; ಹಿರಿಯರ ಮಾತಿಗೆ ತಲೆಬಾಗಿದರೂ ‘ಮಾತು ಕೇಳಿದ’ ಎನ್ನುತ್ತೇವೆ. ಈ ಮೂರೂ ಒಂದೇ ಕ್ರಿಯಾಪದದಲ್ಲಿ ಕೂತಿವೆ. ಮತ್ತೆ, ಬೆಂಗಳೂರಿನವರು ಹಾಡು ‘ಹಾಕು’ ಎಂದರೆ ನಾವು ‘ಹಚ್ಚು’ ಎನ್ನುತ್ತೇವೆ. ರೇಡಿಯೋ ಹಚ್ಚು, ಪ್ಲೇಟು ಹಚ್ಚು, ದೀಪ ಹಚ್ಚು. ಹಚ್ಚಿದ್ದು ಒಬ್ಬರಿಗೆ ಬೆಳಗುವುದಿಲ್ಲ, ಕೋಣೆಯಲ್ಲಿದ್ದವರಿಗೆಲ್ಲ ಬೆಳಗುತ್ತದೆ.

ಟ್ರಾನ್ಸಿಸ್ಟರು, ಕ್ಯಾಸೆಟ್ಟು, ಮೊಬೈಲು ಬಂದಂತೆ ಪೆಟ್ಟಿಗೆ ಕಟ್ಟೆಯಿಂದ ಮನೆಗೆ, ಮನೆಯಿಂದ ಕಿಸೆಗೆ ಇಳಿಯಿತು. ಇದನ್ನು ಬರೀ ನಷ್ಟ ಎಂದು ಬರೆಯುವವರ ಸಾಲಿಗೆ ನಾನು ಸೇರುವುದಿಲ್ಲ. ಮೇಲ್ಜಾತಿಯವರ ಕಟ್ಟೆಗೆ ಕಾಲಿಡಲಾಗದವರಿಗೆ, ಅಡಿಗೆಮನೆ ಬಿಟ್ಟು ಹೊರಬರಲಾಗದ ಹೆಂಗಸರಿಗೆ, ತಮಗೆ ಬೇಕಾದದ್ದನ್ನು ತಾವು ಕೇಳುವ ಸ್ವಾತಂತ್ರ್ಯ ಕೊಟ್ಟದ್ದು ಟ್ರಾನ್ಸಿಸ್ಟರು. ಹಳೆಯ ಕಟ್ಟೆ ಎಲ್ಲರದೂ ಆಗಿರಲಿಲ್ಲ. ಹೊಸದಾಗಿ ಕೇಳುವ ಕೋಣೆ ಮಾಡುವವರು ಈ ಮಾತನ್ನು ಬಾಗಿಲಲ್ಲೇ ನೆನಪಿಟ್ಟುಕೊಳ್ಳಬೇಕು.

ಆದರೆ ಕಿಸೆಯಲ್ಲಿ ಏನು ಸಿಕ್ಕಿದೆ ನೋಡಿ. ಫೋನಿನ ಸ್ಪೀಕರು ಹೆಬ್ಬೆರಳಿನ ಉಗುರಿನಷ್ಟು. ಕೆಳದನಿಗೆ ಬೇಕಾದಷ್ಟು ಗಾಳಿಯನ್ನು ತಳ್ಳಲು ಅದಕ್ಕೆ ಶಕ್ತಿಯಿಲ್ಲ. ತಬಲಾ ಜೋಡಿಯಲ್ಲಿ ಬಲಗೈಯದು ಟಿಣ್ ಎಂದು ಬರುತ್ತದೆ, ಎಡಗೈಯ ಡಗ್ಗಾ ಬರುವುದೇ ಇಲ್ಲ. ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸಿದಾಗ ಹೊಟ್ಟೆಯೊಳಗೆ ಏಳುವ ಆ ಗುಮಕಿ, ಗಂಡುದನಿಯ ಬುಡ, ಡೊಳ್ಳಿನ ಎದೆ, ಇವೆಲ್ಲವನ್ನೂ ಕಿವಿ ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಫೋನಿನಲ್ಲಷ್ಟೇ ತಬಲಾ ಕೇಳಿದ ಹುಡುಗನಿಗೆ ಊಹಿಸಲಿಕ್ಕೂ ಆಧಾರವಿಲ್ಲ. ಆತ ಅರ್ಧ ತಬಲಾವನ್ನೇ ತಬಲಾ ಎಂದು ತಿಳಿದಿದ್ದಾನೆ. ಇಯರ್‌ಫೋನ್ ಹಾಕಿಕೊಂಡರೆ ಈ ಕೊರತೆ ನೀಗುತ್ತದಲ್ಲ, ಕೋಣೆ ಏಕೆ ಎಂದು ಕೇಳಬಹುದು. ಒಪ್ಪುತ್ತೇನೆ, ಒಳ್ಳೆಯ ಇಯರ್‌ಫೋನಿನಲ್ಲಿ ಡಗ್ಗಾ ಕಿವಿಗೆ ಸಿಗುತ್ತದೆ. ಎದೆಗೆ ತಟ್ಟುವುದಿಲ್ಲ, ಅದು ಸಣ್ಣ ವ್ಯತ್ಯಾಸ. ದೊಡ್ಡ ವ್ಯತ್ಯಾಸ ಹೆಬ್ಬೆರಳಿನದು. ಆಲಾಪ ನಿಧಾನ ಅನ್ನಿಸಿದ ಕ್ಷಣವೇ ಬೆರಳು ಮುಂದಿನ ಹಾಡಿಗೆ ಜಾರುತ್ತದೆ. ಹತ್ತು ಜನರ ನಡುವೆ ಕೂತಾಗ ಬೆರಳಿಗೆ ಆ ಅಧಿಕಾರವಿಲ್ಲ. ಬೇಸರದ ಮೂರನೇ ನಿಮಿಷ ದಾಟಿದ ಮೇಲೆ ಏನು ಕಾದಿದೆ ಎಂಬುದು, ದಾಟಲೇಬೇಕಾದವನಿಗಷ್ಟೇ ತಿಳಿಯುತ್ತದೆ.

ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಬಾಯಿ ಮುಚ್ಚಿ ಕೂರುವುದು ನಮ್ಮ ರೀತಿಯೇ ಅಲ್ಲ. ಅದು ಪಾಶ್ಚಾತ್ಯರ ಸಭಾಂಗಣದ ಶಿಸ್ತು, ಜಪಾನಿನವರಿಗೆ ಒಗ್ಗಿರಬಹುದು. ನಮ್ಮ ಬಯಲಾಟದಲ್ಲಿ ಶಿಳ್ಳೆ ಬೀಳಬೇಕು, ಕಂಪನಿ ನಾಟಕದಲ್ಲಿ ‘ಒನ್ಸ್ ಮೋರ್’ ಬಿದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕು, ಗವಾಯಿಗಳ ಕಛೇರಿಯಲ್ಲಿ ‘ವ್ಹಾ’ ಎನ್ನದವನು ಕೇಳಿದವನೇ ಅಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಜಪಾನಿನ ಮಾದರಿಯನ್ನು ಇದ್ದ ಹಾಗೆ ತರಬೇಕೆನ್ನುವವರ ಮೇಲೆ ಇದನ್ನೇ ಎಸೆಯುತ್ತೇನೆ. ಆದರೆ ಗಮನಿಸಿ, ‘ವ್ಹಾ’ ಬೀಳುವುದು ಸಮ್, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟು, ಬಂದಾಗ. ಸಮ್ ಎಲ್ಲಿ ಬರುತ್ತದೆಂದು ಗೊತ್ತಾಗಬೇಕಾದರೆ ಅಲ್ಲಿಯವರೆಗೆ ಕಿವಿ ತಾಳದ ಬೆನ್ನು ಹತ್ತಿರಬೇಕು. ಒನ್ಸ್ ಮೋರ್ ಎಂದವನು ಮೊದಲ ಸಲದ್ದನ್ನು ಕೊನೆಯತನಕ ಕೇಳಿದ್ದಾನೆ. ಮೈಲಾರದ ಜನರೂ ನುಡಿ ಬಿದ್ದ ಮೇಲೆ ಸುಮ್ಮನಿರುವುದಿಲ್ಲ. ಮೌನ ಬೇಕಾದದ್ದು ಬೀಳುವ ತನಕ, ಬಿದ್ದ ಮೇಲೆ ಗದ್ದಲ ನ್ಯಾಯವಾದದ್ದೇ.

ಹಾಗಾದರೆ ಡಿಜೆ? ಅದೂ ಕೂಡಿ ಕೇಳುವುದೇ ಅಲ್ಲವೇ? ಗಣಪತಿ ಬಿಡುವ ದಿನ ಬಾಕ್ಸುಗಳ ಮುಂದೆ ಕುಣಿಯುವ ಹುಡುಗರ ಖುಷಿಯನ್ನು ಕೀಳುಮಾಡಿ ಮಾತಾಡುವುದು ಮುದುಕರ ಚಟ. ಅವರು ಮೈಯಿಂದ ಕೇಳುತ್ತಿದ್ದಾರೆ, ಡೊಳ್ಳಿನ ಮುಂದೆ ಅವರ ಅಜ್ಜಂದಿರು ಕೇಳಿದ ಹಾಗೆ. ನನ್ನ ಆಕ್ಷೇಪ ಎರಡೇ. ಡೊಳ್ಳು ಬಾರಿಸುವವನ ರಟ್ಟೆ ಸೋತರೆ ಡೊಳ್ಳು ನಿಲ್ಲುತ್ತದೆ, ಜನರೇಟರಿಗೆ ರಟ್ಟೆಯಿಲ್ಲ. ತಜ್ಞರ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಬಲ್ಲದು, ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ, 100ಕ್ಕೆ ಮುಟ್ಟಿದರೆ ಉಳಿಯುವುದು 15 ನಿಮಿಷ. ಎರಡನೆಯದು, ಕುಣಿಯುವವರ ಜೊತೆಗೆ ಆ ಓಣಿಯ ಬಾಣಂತಿ, ಪರೀಕ್ಷೆಗೆ ಓದುವ ಹುಡುಗಿ, ಕಾಯಿಲೆಯವರು ಕೂಡ ಒಪ್ಪದೆಯೇ ಕೇಳಬೇಕಾಗುತ್ತದೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡವೆಂದು ಸರಕಾರ ನಿಯಮ ಮಾಡಿದ್ದು 2000ದಲ್ಲಿ. ಆ ಕಾಗದ ಎಷ್ಟು ಊರಿನಲ್ಲಿ ಕೇಳಿಸುತ್ತದೋ ನಿಮಗೇ ಗೊತ್ತು. ಕೇಳುವ ಕೋಣೆಯಲ್ಲಿ ಒಪ್ಪಿ ಬಂದವರಷ್ಟೇ ಇರುತ್ತಾರೆ.

ಬದುಕಿರುವ ಹಾಡುಗಾರರಿಗೆ ವೇದಿಕೆ ಕೊಡದೆ ಸತ್ತವರ ಪ್ಲೇಟು ಹಚ್ಚುವುದೇ ಎಂದು ಕಲಾವಿದರು ಕೇಳಿಯಾರು. ಅವರ ಸಿಟ್ಟು ಸಹಜ. ಆದರೆ ಅವರ ಹಿರಿಯರ ಕಥೆ ಬೇರೆಯದನ್ನೇ ಹೇಳುತ್ತದೆ: ಪ್ಲೇಟು ಕೇಳಿದ ಹುಡುಗ ಗುರುವನ್ನು ಹುಡುಕಿಕೊಂಡು ಹೋದ, ಗುರುವಿನ ಅನ್ನ ಕಸಿಯಲಿಲ್ಲ. ಇನ್ನು ಕೆಲವು ದನಿಗಳಿಗೆ ಬೇರೆ ದಾರಿಯೇ ಇಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರು ಓದು ಬರಹ ಕಲಿತವರಲ್ಲ, ರಾತ್ರಿಗಟ್ಟಲೆ ಹಾಡುವ ಹನ್ನೆರಡು ಮಹಾಕಾವ್ಯಗಳು ಅವರ ಬಾಯಲ್ಲಿದ್ದವು. 2014ರಲ್ಲಿ ತೀರಿಕೊಂಡರು. ಅವರು ಹಾಡಿದ್ದು ಪುಸ್ತಕವಾಗಿ ಬಂದಿದೆ, ಅದು ದೊಡ್ಡ ಕೆಲಸ. ಆದರೆ ಕಥೆ ಹೇಳುತ್ತ ಹೇಳುತ್ತ ದನಿ ಒಡೆಯುವ ಜಾಗ, ಉಸಿರು ಎಳೆದುಕೊಳ್ಳುವ ಜಾಗ, ಹಿಂದಿನವರ ‘ಹೂಂ’ ಅಚ್ಚಿನಲ್ಲಿ ಬರುವುದಿಲ್ಲ. ಅಂಥ ಧ್ವನಿಮುದ್ರಣವನ್ನು ಫೋನಿನ ಉಗುರುಸ್ಪೀಕರಿನಲ್ಲಿ ಕೇಳಿ ಎನ್ನುವುದು ಅವಮಾನ.

ಕೋಣೆಗೆ ಎಲ್ಲಿಗೆ ಹೋಗೋಣ? ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯಂಥ ರಂಗಸಂಸ್ಥೆ ಇದ್ದ ಸೀಮೆಗೆ ಜಾಗದ ಕೊರತೆ ಇಲ್ಲ. ಆದರೆ ನನ್ನ ಕಣ್ಣು ಗ್ರಂಥಾಲಯದ ಮೇಲಿದೆ. ತಾಲ್ಲೂಕಿನಲ್ಲಿ ಗ್ರಂಥಾಲಯವಿದೆ, ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ. ‘ನಿಶ್ಶಬ್ದವಾಗಿರಿ’ ಎಂಬ ಹಲಗೆ ಆಗಲೇ ಗೋಡೆಯ ಮೇಲಿದೆ, ಹೊಸದಾಗಿ ಬರೆಸಬೇಕಿಲ್ಲ. ಪುಸ್ತಕ ತುಂಬಿದ ಕಪಾಟು ಸದ್ದನ್ನು ಹೀರುತ್ತದೆ, ಒಂದೇ ಕಡೆ ಮರಳದ ಹಾಗೆ ಚದುರಿಸುತ್ತದೆ. ಸಬೈನ್ ಹೊತ್ತ ಗಾದಿಗಳ ಕೆಲಸವನ್ನು ಕಾದಂಬರಿಗಳು ಮಾಡುತ್ತವೆ. ಹಿಂಬದಿಯ ಬರಿಗೋಡೆಗೆ ಎರಡು ಕೌದಿ ತೂಗುಬಿಡಿ, ನೆಲಕ್ಕೆ ಜಮಖಾನ ಹಾಸಿ. ಮದುವೆಯ ಬಾಕ್ಸು ಬೇಡ, ಹಳೆಯದಾದರೂ ಒಳ್ಳೆಯದಾದ ಒಂದು ಜೊತೆ ಸ್ಪೀಕರು ಸಾಕು. ಖರ್ಚಿನ ವಿಷಯದಲ್ಲಿ ಕಾನೂನೂ ನಮ್ಮ ಕಡೆಗಿದೆ: ಪ್ರಕಟವಾಗಿ 60 ವರ್ಷ ಕಳೆದ ಧ್ವನಿಮುದ್ರಣದ ಹಕ್ಕು ನಮ್ಮ ದೇಶದಲ್ಲಿ ಮುಗಿಯುತ್ತದೆ, ಕರೀಂ ಖಾನರ ಪ್ಲೇಟು ಹಚ್ಚಲು ಯಾರ ಕೈಕಾಲನ್ನೂ ಹಿಡಿಯಬೇಕಿಲ್ಲ. ಏನು ಹಚ್ಚಬೇಕೆಂಬುದನ್ನು ಒಬ್ಬರೇ ಗೊತ್ತುಮಾಡಬಾರದು. ಒಂದು ವಾರ ಗವಾಯಿ ಮೇಷ್ಟರು, ಮುಂದಿನ ವಾರ ಮೈಕ್‌ಸೆಟ್ಟಿನ ಹುಡುಗ, ಅದರ ಮುಂದಿನ ವಾರ ಜೋಗತಿ ಹಾಡು ಬಲ್ಲ ಹೆಣ್ಣುಮಗಳು. ಮೈಕ್‌ಸೆಟ್ಟಿನವನನ್ನು ಮರೆಯಬೇಡಿ, ಊರಿನಲ್ಲಿ ಸದ್ದಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವನು ಅವನು. ಕಮ್ಮಿ ಇಟ್ಟು ಹಚ್ಚು ಎಂದು ಅವನಿಗೆ ಇದುವರೆಗೆ ಯಾರೂ ಹೇಳಿಲ್ಲ, ಅಷ್ಟೇ.

ಮೊದಲ ಸಂಜೆ ದೀರ್ಘ ಕಛೇರಿ ಬೇಡ. ಗದಗದ ಆ ಅಂಗಡಿಯ ಝಿಂಝೋಟಿಯೇ ಇರಲಿ. ಎಷ್ಟು ಹೊತ್ತು ಆದೀತು ಎಂದು ಬೀಗ ಹಾಕುವವರು ಕೇಳಿದರೆ ಮೂರು ನಿಮಿಷ ಎನ್ನಿ, ಒನ್ಸ್ ಮೋರ್ ಬಿದ್ದರೆ ಆರು.